ಒತ್ತಿ, ಎಡಕ್ಕೆ, ಮುಂದಕ್ಕೆ

ಮೂರು ವರ್ಷಗಳ ಹಿಂದೆ ಮೈಸೂರಿನ ಕಲ್ಯಾಣ ಮಂಟಪವೊಂದರಲ್ಲಿ ಎರಡನೆಯ ಪಂಕ್ತಿಗೆ ಎಲೆ ಹಾಕುತ್ತಿದ್ದಾಗ ಮೈಕಿನಲ್ಲಿ ನನ್ನ ಕಾರಿನ ನಂಬರನ್ನು ಕೂಗಿದರು. ಗಂಡಿನ ಕಡೆಯವರ ಬಸ್ಸು ಹೊರಡಬೇಕಾಗಿತ್ತು. ಅದರ ದಾರಿಗೆ ನನ್ನ ಫೋಕ್ಸ್‌ವ್ಯಾಗನ್ ಪೋಲೊ ಅಡ್ಡ ನಿಂತಿತ್ತು. ಊಟಕ್ಕೆ ಕುಳಿತವನು ಏಳುವುದೇಕೆಂದು ಬೀಗದ ಕೈಯನ್ನು ಪಾರ್ಕಿಂಗ್ ನೋಡಿಕೊಳ್ಳುತ್ತಿದ್ದ ಹುಡುಗನಿಗೆ ಕೊಟ್ಟು ಕಳಿಸಿದೆ. ಕೋಸಂಬರಿ, ಪಲ್ಯ ಬಡಿಸಿ ಮುಗಿಯುವುದರೊಳಗೆ ಅವನು ವಾಪಸು ಬಂದು, "ಸಾರ್, ಆ ಗಾಡಿಗೆ ರಿವರ್ಸೇ ಇಲ್ಲ" ಎಂದ. ಅವನ ಮುಖದಲ್ಲಿ ತಮಾಷೆಯಿರಲಿಲ್ಲ. ಐದಾರು ಸಲ ಹಿಂದಕ್ಕೆ ತೆಗೆಯಲು ನೋಡಿ, ಪ್ರತಿ ಸಲವೂ ಮೊದಲನೆಯ ಗೇರು ಬಿದ್ದು, ಕಾರು ಕಾಂಪೌಂಡ್ ಗೋಡೆಯ ಕಡೆಗೆ ಗೇಣು ಗೇಣಾಗಿ ಸರಿದಿತ್ತಂತೆ. ಎಲೆಯ ಮೇಲೊಂದು ಲೋಟ ಬೋರಲು ಹಾಕಿ ಎದ್ದು ಹೋಗಿ ತೋರಿಸಿಕೊಟ್ಟೆ: ಗೇರಿನ ಕಡ್ಡಿಯನ್ನು ಮೊದಲು ಕೆಳಕ್ಕೆ ಒತ್ತಬೇಕು, ಒತ್ತಿಕೊಂಡೇ ಎಡಕ್ಕೆ ತರಬೇಕು, ಆಮೇಲೆ ಮುಂದಕ್ಕೆ ತಳ್ಳಬೇಕು. "ಇದೇನ್ ಸಾರ್, ತಿಜೋರಿ ತೆಗ್ದಂಗೆ" ಎಂದು ಅವನು ನಕ್ಕ.

ಫೋಕ್ಸ್‌ವ್ಯಾಗನ್ ಕೊಂಡವರ ಅನುಭವ ಹೆಚ್ಚಾಗಿ ಇಂಥ ಸಣ್ಣ ಗುಟ್ಟುಗಳಿಂದಲೇ ಶುರುವಾಗುತ್ತದೆ. ಎರಡನೆಯ ಗುಟ್ಟು ಇಂಡಿಕೇಟರಿನದು. ನಮ್ಮ ದೇಶದ ಬಹುಪಾಲು ಕಾರುಗಳಲ್ಲಿ ಅದು ಸ್ಟಿಯರಿಂಗಿನ ಬಲಗಡೆ ಇರುತ್ತದೆ. ಯುರೋಪಿನ ಕಂಪನಿಗಳು ಬಲಬದಿಗೆ ಸ್ಟಿಯರಿಂಗ್ ಇಟ್ಟರೂ ಈ ಕಡ್ಡಿಯನ್ನು ಎಡಗಡೆಯೇ ಉಳಿಸಿಕೊಂಡಿವೆ. ಹೀಗಾಗಿ ಹೊಸ ಮಾಲೀಕ ಮೊದಲ ತಿಂಗಳಿಡೀ ತಿರುವಿನಲ್ಲೆಲ್ಲ ಮಳೆಯಿಲ್ಲದ ಗಾಜನ್ನು ಒರೆಸುತ್ತಿರುತ್ತಾನೆ. ನಾನೂ ಕುವೆಂಪುನಗರದ ಸರ್ಕಲ್ಲುಗಳಲ್ಲಿ ವೈಪರ್ ಆಡಿಸಿಕೊಂಡು ತಿರುಗಿದವನೇ. ಮೂರನೆಯದು ಡಿಕ್ಕಿ. ಅದಕ್ಕೆ ಬೇರೆ ಹಿಡಿಯಿಲ್ಲ; ಹಿಂದುಗಡೆ ಇರುವ ಕಂಪನಿಯ ಲಾಂಛನವನ್ನೇ ಒತ್ತಿ ಎತ್ತಬೇಕು. ವರ್ಷಗಟ್ಟಲೆ ಬೆರಳು ತಾಗಿ ಆ ಲಾಂಛನವೊಂದು ಮಾತ್ರ, ಮನೆಬಾಗಿಲಿನ ಹಿತ್ತಾಳೆ ಚಿಲಕದ ಹಾಗೆ, ಉಳಿದ ಭಾಗಕ್ಕಿಂತ ನುಣುಪಾಗಿದೆ.

2014ರ ಯುಗಾದಿಯ ಹೊತ್ತಿಗೆ ಕೊಂಡ ಕಾರು ಇದು, 1.2 ಲೀಟರಿನ ಮೂರು ಸಿಲಿಂಡರಿನ ಪೆಟ್ರೋಲ್ ಪೋಲೊ. ಇದರಲ್ಲಿ ಇಷ್ಟವಾದದ್ದು ಯಾವುದು ಎಂದು ಕೇಳಿದರೆ, ಬೇರೆ ಮಾಲೀಕರೂ ಹೇಳುವ ಮಾತನ್ನೇ ನಾನೂ ಹೇಳಬೇಕು: ಬಾಗಿಲು ಮುಚ್ಚಿದಾಗ ಬರುವ ಒತ್ತಾದ ಸದ್ದು, ವೇಗ ಏರಿದಂತೆ ಬಿಗಿಯಾಗುವ ಸ್ಟಿಯರಿಂಗ್, ಹಾಸನದಿಂದಾಚೆ ರಸ್ತೆ ಚೆನ್ನಾಗಿರುವೆಡೆ ನೆಲಕ್ಕೆ ಅಂಟಿಕೊಂಡಂತೆ ಓಡುವ ರೀತಿ. ಶಿರಾಡಿ ಘಾಟಿಯಲ್ಲಿ ಸಂಸಾರ ಸಮೇತ ಹತ್ತುವಾಗ 75 ಅಶ್ವಶಕ್ತಿಯ ಎಂಜಿನನ್ನು ಎರಡನೆಯ ಗೇರಿನಲ್ಲಿ ದುಡಿಸಬೇಕಾಗುತ್ತದೆ, ನಿಜ. ಹಿಂದಿನ ಸೀಟಿನಲ್ಲಿ ಮೂವರು ಕುಳಿತರೆ ಮಧ್ಯದವರು ಮಂಗಳೂರು ಮುಟ್ಟುವವರೆಗೆ ಮೌನವ್ರತ ಹಿಡಿಯುತ್ತಾರೆ, ಅದೂ ನಿಜ. ಇದೇ ದುಡ್ಡಿಗೆ ಇದಕ್ಕಿಂತ ಅಗಲವಾದ, ಕಡಿಮೆ ಪೆಟ್ರೋಲ್ ಕುಡಿಯುವ ಕಾರುಗಳು ಆಗಲೂ ಇದ್ದವು. ನನ್ನ ಭಾವನವರು ಆ ಲೆಕ್ಕವನ್ನು ಕಾಗದದ ಮೇಲೆ ಬರೆದೇ ತೋರಿಸಿದ್ದರು. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ನಾನು ಕೊಂಡದ್ದು ಕಾಗದಕ್ಕೆ ಸಿಗದ ಒಂದು ಗಟ್ಟಿತನವನ್ನು, ಮತ್ತು ಆ ಗಟ್ಟಿತನ ಕಣ್ಣಿಗೆ ಕಾಣದ ಕಡೆಯಲ್ಲೂ ಇದ್ದೀತೆಂಬ ನಂಬಿಕೆಯನ್ನು. ಬಾಗಿಲನ್ನು ಮುಚ್ಚಿ ನೋಡಬಹುದು. ಬಣ್ಣದ ಕೆಳಗಿನ ಬೆಸುಗೆಯನ್ನು ನೋಡಲಾಗುವುದಿಲ್ಲ. ಈ ಕಂಪನಿಯ ಚರಿತ್ರೆಯನ್ನು ಓದುತ್ತ ಹೋದಂತೆ ಆ ಕಾಣದ ಭಾಗವೇ ನನ್ನ ಮನಸ್ಸನ್ನು ಹೆಚ್ಚು ಹಿಡಿಯಿತು.

ಹೆಸರಿನ ಅರ್ಥ 'ಜನರ ಕಾರು'. ಅದನ್ನು ಜನರ ಕೈಗೆ ಕೊಡುತ್ತೇವೆಂದು ಮೊದಲು ಮಾತುಕೊಟ್ಟವರು ಹಿಟ್ಲರನ ಆಡಳಿತದವರು. 1934ರಲ್ಲಿ ಫರ್ಡಿನಾಂಡ್ ಪೋರ್ಶೆ ಎಂಬ ಎಂಜಿನಿಯರಿಗೆ ಈ ಕಾರನ್ನು ರೂಪಿಸುವ ಕೆಲಸ ಸಿಕ್ಕಿತು. ಬೆಲೆ 990 ರೈಖ್ಸ್‌ಮಾರ್ಕ್ ಮೀರಕೂಡದು ಎಂಬ ಷರತ್ತು ಮೇಲಿನಿಂದ ಬಂತು. ಆ ಬೆಲೆಗೆ ಕಾರು ಮಾಡಿ ಬದುಕುವುದು ಜರ್ಮನಿಯ ಖಾಸಗಿ ಕಾರ್ಖಾನೆಗಳಿಗೆ ಆಗದ ಮಾತಾಗಿತ್ತು. ಕೊನೆಗೆ ನಾತ್ಸಿಗಳ ಕಾರ್ಮಿಕ ಸಂಘಟನೆಯೇ ಹೊಣೆ ಹೊತ್ತುಕೊಂಡಿತು. 1933ರಲ್ಲಿ ಸ್ವತಂತ್ರ ಕಾರ್ಮಿಕ ಸಂಘಗಳನ್ನು ಮುಚ್ಚಿಸಿ ಅವುಗಳಿಂದ ಕಸಿದುಕೊಂಡ ಆಸ್ತಿಯ ಹಣ ಈ ಕಾರ್ಖಾನೆಗೆ ಹರಿಯಿತು. 1938ರ ಮೇ 26ರಂದು ಫಾಲರ್ಸ್‌ಲೇಬೆನ್ ಎಂಬ ಊರಿನ ಬಳಿ, ಕಾಲುವೆಯ ದಂಡೆಯ ಮೇಲೆ, ಅಡಿಗಲ್ಲು ಬಿತ್ತು.

ಕಾರನ್ನು ಪೋರ್ಶೆ ಒಬ್ಬರೇ ಕನಸಿನಲ್ಲಿ ಕಂಡು ಎದ್ದರು ಎನ್ನುವಂತಿಲ್ಲ. ಹಿಂದೆ ಎಂಜಿನ್, ಗಾಳಿಯಿಂದ ತಂಪಾಗುವ ವ್ಯವಸ್ಥೆ, ಗಾಳಿ ಸೀಳುವ ಉಬ್ಬು ಮೈ, ಈ ಎಲ್ಲ ಆಲೋಚನೆಗಳೂ ಆಗ ಮಧ್ಯ ಯುರೋಪಿನ ಹಲವು ಎಂಜಿನಿಯರುಗಳ ತಲೆಯಲ್ಲಿದ್ದವು. ಚೆಕೊಸ್ಲೊವಾಕಿಯಾದ ಟಾಟ್ರಾ ಕಂಪನಿಯ ಹಾನ್ಸ್ ಲೆಡ್‌ವಿಂಕಾ ಅಂಥ ಕಾರುಗಳನ್ನು ರಸ್ತೆಗೇ ಇಳಿಸಿದ್ದರು. ಟಾಟ್ರಾ ಹೂಡಿದ ತಕರಾರು ಯುದ್ಧ ಮುಗಿದ ಎಷ್ಟೋ ವರ್ಷಗಳ ಮೇಲೆ, 1960ರ ದಶಕದಲ್ಲಿ, ಫೋಕ್ಸ್‌ವ್ಯಾಗನ್ ಪರಿಹಾರ ಕೊಡುವುದರೊಂದಿಗೆ ಮುಗಿಯಿತು. ಯಹೂದಿ ಎಂಜಿನಿಯರ್ ಯೋಸೆಫ್ ಗಾನ್ಸ್ ಪತ್ರಿಕೆಯೊಂದರಲ್ಲಿ ಇಂಥದೇ ಪುಟ್ಟ ಕಾರಿಗಾಗಿ ವರ್ಷಗಟ್ಟಲೆ ವಾದಿಸಿ, ತಾವೇ ಮಾದರಿಗಳನ್ನೂ ಮಾಡಿದ್ದರು. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ದೇಶ ಬಿಡಬೇಕಾಯಿತು. 'ಜನರ ಕಾರು' ಎಂದು ಬೋರ್ಡು ಬರೆದವರ ಲೆಕ್ಕದಲ್ಲಿ ಆ ಮನುಷ್ಯ 'ಜನ'ವೇ ಆಗಿರಲಿಲ್ಲ.

ಇನ್ನು ಮುಂಗಡದ ಕಥೆ. ಕಾರು ಬೇಕಾದವರು ವಾರಕ್ಕೆ ಕನಿಷ್ಠ 5 ಮಾರ್ಕಿನ ಚೀಟಿಯೊಂದನ್ನು ಕೊಂಡು, ಅಂಚೆಚೀಟಿಯಂತೆ ಪುಸ್ತಕಕ್ಕೆ ಅಂಟಿಸುತ್ತ ಹೋಗಬೇಕು. ಲೆಕ್ಕ ಹಾಕಿದರೆ 990 ಮಾರ್ಕಿಗೆ 198 ವಾರ, ಅಂದರೆ ನಾಲ್ಕು ವರ್ಷಕ್ಕೆ ಸ್ವಲ್ಪ ಕಡಿಮೆ. ಬಡ್ಡಿಯಿಲ್ಲ. ನಮ್ಮ ಕಡೆಯ ಚೀಟಿ ವ್ಯವಹಾರದಲ್ಲಾದರೂ ತಿಂಗಳಿಗೆ ಒಬ್ಬನಿಗೆ ದುಡ್ಡು ಎದ್ದೇಳುತ್ತದೆ. ಇಲ್ಲಿ ಸುಮಾರು 3,36,000 ಮಂದಿ ಕಟ್ಟಿದರು, ಅವರಲ್ಲಿ ಒಬ್ಬರಿಗೂ ಕಾರು ಬರಲಿಲ್ಲ. 1939ರಲ್ಲಿ ಯುದ್ಧ ಹತ್ತಿಕೊಂಡು ಕಾರ್ಖಾನೆ ಸೈನ್ಯದ ಕೆಲಸಕ್ಕೆ ಹೋಯಿತು. ಬರ್ಲಿನ್ನಿನ ಬ್ಯಾಂಕಿನಲ್ಲಿದ್ದ ಸುಮಾರು 28 ಕೋಟಿ ಮಾರ್ಕ್ ಯುದ್ಧದ ಕೊನೆಯಲ್ಲಿ ಸೋವಿಯತ್ ಸೇನೆಯ ವಶವಾಯಿತು. ಹಣ ಕಟ್ಟಿದವರು ಯುದ್ಧಾನಂತರದ ಕಂಪನಿಯ ಮೇಲೆ ಮೊಕದ್ದಮೆ ಹೂಡಿ ವರ್ಷಗಟ್ಟಲೆ ಕೋರ್ಟು ಹತ್ತಿಳಿದರು. 1961ರಲ್ಲಿ ರಾಜಿಯಾದಾಗ ಸಿಕ್ಕಿದ್ದು ಹೊಸ ಕಾರಿನ ಮೇಲೆ ಗರಿಷ್ಠ 600 ಮಾರ್ಕ್ ರಿಯಾಯಿತಿ, ಅದು ಬೇಡವೆಂದರೆ 100 ಮಾರ್ಕ್ ನಗದು. ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾದ ತಲೆಮಾರಿನ ಮನೆಯಲ್ಲಿ ಬೆಳೆದ ನನಗೆ, ಆ ಪುಸ್ತಕದ ಕೊನೆಯ ಪುಟಕ್ಕೆ ಕೊನೆಯ ಚೀಟಿಯನ್ನು ಅಂಟಿಸಿ ಒತ್ತಿದ ಹೆಬ್ಬೆರಳು ಕಣ್ಣಿಗೆ ಕಟ್ಟುತ್ತದೆ.

ಯುದ್ಧದ ವರ್ಷಗಳ ಬಗ್ಗೆ ಬರೆಯದೆ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. ಆ ಕಾರ್ಖಾನೆಯಲ್ಲಿ ಸೈನ್ಯದ ವಾಹನಗಳನ್ನು, ಶಸ್ತ್ರಾಸ್ತ್ರದ ಭಾಗಗಳನ್ನು ಮಾಡಿದವರಲ್ಲಿ ಬಹುಪಾಲು ಜನ ಒತ್ತಾಯದ ದುಡಿಮೆಗೆ ತಂದವರು: ಪೋಲೆಂಡಿನವರು, ಸೋವಿಯತ್ ನಾಡುಗಳವರು, ಯುದ್ಧಕೈದಿಗಳು, ಯಾತನಾ ಶಿಬಿರಗಳಿಂದ ಎಳೆದು ತಂದವರು. ಇಡೀ ಅವಧಿಯಲ್ಲಿ ಅಂಥವರ ಸಂಖ್ಯೆ ಸುಮಾರು 20,000. ಅಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳಿಗೆ ಹುಟ್ಟಿದ ಕೂಸುಗಳನ್ನು ತಾಯಂದಿರಿಂದ ಬೇರ್ಪಡಿಸಿ ಇಟ್ಟಿದ್ದ 'ಮಕ್ಕಳ ಮನೆ'ಯಲ್ಲಿ, ಮುಖ್ಯವಾಗಿ ರ್‍ಯೂಹೆನ್ ಎಂಬ ಹಳ್ಳಿಯಲ್ಲಿ, ನೂರಾರು ಶಿಶುಗಳು ಆರೈಕೆಯಿಲ್ಲದೆ ಸತ್ತವು. 1986ರಲ್ಲಿ ಕಂಪನಿಯೇ ಹಾನ್ಸ್ ಮೊಮ್ಸೆನ್ ಎಂಬ ಇತಿಹಾಸಕಾರರಿಗೆ ಈ ಕಾಲದ ದಾಖಲೆಗಳನ್ನು ತೆರೆದುಕೊಟ್ಟು ಅಧ್ಯಯನ ಮಾಡಿಸಿತು. 1999ರಲ್ಲಿ ಕಾರ್ಖಾನೆಯೊಳಗಿನ ಹಳೆಯ ಬಾಂಬು-ನಿರೋಧಕ ನೆಲಮಾಳಿಗೆಯೊಂದನ್ನು ಒತ್ತಾಯದ ದುಡಿಮೆಗಾರರ ಸ್ಮಾರಕವನ್ನಾಗಿ ಮಾಡಿದರು. ಕಾರಿನ ಅಭಿಮಾನಿಗಳ ಮಾತುಕತೆಯಲ್ಲಿ ಈ ಅಧ್ಯಾಯ ಹೆಚ್ಚಾಗಿ ಒಂದೇ ವಾಕ್ಯದಲ್ಲಿ ಮುಗಿಯುತ್ತದೆ. ಅಭಿಮಾನದ ಸ್ವಭಾವವೇ ಹಾಗೆ ಇರಬೇಕು.

1945ರ ಬೇಸಗೆಯಲ್ಲಿ ಕಾರ್ಖಾನೆಯ ಊರು ಬ್ರಿಟಿಷರ ಆಡಳಿತಕ್ಕೆ ಬಂತು. ಹಳೆಯ ನಾತ್ಸಿ ಹೆಸರನ್ನು ಕಿತ್ತು, ಹತ್ತಿರದ ಕೋಟೆಯ ಹೆಸರಿನಿಂದ ವುಲ್ಫ್ಸ್‌ಬರ್ಗ್ ಎಂದು ಕರೆದರು. ಆ ಆಗಸ್ಟಿನಲ್ಲಿ ಬಂದ ಐವನ್ ಹರ್ಸ್ಟ್ ಎಂಬ ಬ್ರಿಟಿಷ್ ಮೇಜರ್ ಇಲ್ಲದಿದ್ದರೆ ನಾನು ಈ ಬರಹವನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಬಾಂಬಿನಿಂದ ಮಾಡು ಹಾರಿಹೋಗಿದ್ದ ಕಾರ್ಖಾನೆಯನ್ನು ಕಳಚಿ ಯಂತ್ರಗಳನ್ನು ಪರಿಹಾರದ ಬಾಬ್ತು ಸಾಗಿಸುವುದೆಂದು ಯೋಚನೆ ನಡೆದಿತ್ತು. ಹರ್ಸ್ಟ್ ಅಲ್ಲಿ ಉಳಿದಿದ್ದ ಒಂದು ಕಾರಿಗೆ ಸೈನ್ಯದ ಹಸಿರು ಬಣ್ಣ ಬಳಿಸಿ ಮೇಲಧಿಕಾರಿಗಳಿಗೆ ತೋರಿಸಿದರು. ಸೈನ್ಯಕ್ಕೆ ಓಡಾಟಕ್ಕೆ ಗಾಡಿಗಳ ಕೊರತೆಯಿತ್ತು. 20,000 ಕಾರುಗಳ ಬೇಡಿಕೆ ಬಂತು. ಆ ವರ್ಷ ಡಿಸೆಂಬರ್ 27ರಂದು ಉತ್ಪಾದನೆ ಆರಂಭವಾಯಿತು. ಬ್ರಿಟನ್ನಿನ ಕಾರು ತಯಾರಕರು ಬಂದು ನೋಡಿ, ಸದ್ದು ಹೆಚ್ಚು, ರೂಪವಿಲ್ಲ, ಕೊಳ್ಳುವವರಿಲ್ಲ ಎಂದು ತಿರಸ್ಕರಿಸಿ ಹೋದರು. ವಾಹನೋದ್ಯಮದ ಚರಿತ್ರೆಯಲ್ಲಿ ಇದಕ್ಕಿಂತ ದುಬಾರಿಯಾದ ಮೂಗು ಮುರಿತ ಇನ್ನೊಂದು ಇರಲಾರದು.

1948ರ ಜನವರಿಯಲ್ಲಿ ಚುಕ್ಕಾಣಿ ಹಿಡಿದ ಹೈನ್ರಿಖ್ ನಾರ್ಡ್‌ಹೋಫ್ ಹಿಂದೆ ಓಪೆಲ್ ಕಂಪನಿಯಲ್ಲಿದ್ದವರು. ಅವರ ಜಾಣತನ ಹೊಸ ಕಾರು ಮಾಡುವುದರಲ್ಲಿರಲಿಲ್ಲ, ಹಳೆಯದನ್ನೇ ಬಿಡದೆ ತಿದ್ದುವುದರಲ್ಲಿತ್ತು. ಮೈಯ ಆಕಾರ ಹಾಗೆಯೇ ಇರುತ್ತಿತ್ತು, ಒಳಗಿನ ಸಣ್ಣಪುಟ್ಟ ಭಾಗಗಳು ವರ್ಷವಿಡೀ ಸುಧಾರಿಸುತ್ತಿದ್ದವು. ಕಾರು ಮಾರುವ ಊರಿನಲ್ಲಿ ಮೊದಲು ಬಿಡಿಭಾಗ ಮತ್ತು ತರಬೇತಾದ ಮೆಕ್ಯಾನಿಕ್ ಇರಬೇಕು ಎಂಬ ಕಟ್ಟುನಿಟ್ಟನ್ನು ಅವರು ಪಾಲಿಸಿದರು. 1955ರ ಆಗಸ್ಟ್ 5ರಂದು ಬಂಗಾರದ ಬಣ್ಣ ಬಳಿದ ಹತ್ತು ಲಕ್ಷನೆಯ ಕಾರು ಹೊರಬಂತು. ಜರ್ಮನರು ಅದನ್ನು ಕೇಫರ್, ಅಂದರೆ ಜೀರುಂಡೆ ಎಂದರು. ಅಮೆರಿಕನ್ನರು ಬೀಟಲ್ ಎಂದರು. ಬ್ರೆಜಿಲಿನಲ್ಲಿ ಫುಸ್ಕಾ, ಮೆಕ್ಸಿಕೊದಲ್ಲಿ ವೋಚೊ. ಇಂಡೋನೇಷ್ಯಾದವರಿಗೆ ಅದು ಕೊಡೊಕ್, ಕಪ್ಪೆ. ಜನ ಪ್ರಾಣಿಯ ಹೆಸರಿಟ್ಟು ಕರೆದ ಯಂತ್ರದ ಮೇಲೆ ಸಿಟ್ಟು ಬಹಳ ಹೊತ್ತು ನಿಲ್ಲುವುದಿಲ್ಲ.

ಬೀಟಲ್ ಮಾಲೀಕರ ನೆನಪುಗಳನ್ನು ಓದುವುದೆಂದರೆ ನನಗೆ ಒಂದು ಚಟ. 1960ರ ದಶಕದ ಆರಂಭದವರೆಗೆ ಅದರಲ್ಲಿ ಪೆಟ್ರೋಲ್ ಎಷ್ಟಿದೆಯೆಂದು ತೋರಿಸುವ ಮುಳ್ಳೇ ಇರಲಿಲ್ಲ. ಎಂಜಿನ್ ಕೆಮ್ಮಲು ಶುರು ಮಾಡಿದಾಗ ಡ್ಯಾಶ್‌ಬೋರ್ಡಿನ ಕೆಳಗಿನ ಸಣ್ಣ ಕೀಲಿಯನ್ನು ರಿಸರ್ವಿಗೆ ತಿರುಗಿಸಬೇಕಾಗಿತ್ತು, ಥೇಟ್ ನಮ್ಮ ಹಳೆಯ ಬೈಕುಗಳಂತೆ. ಗಾಜಿಗೆ ನೀರು ಚಿಮ್ಮಿಸಲು ಮೋಟರು ಇಲ್ಲ. ಮುಂದಿನ ಡಿಕ್ಕಿಯಲ್ಲಿ ಮಲಗಿದ್ದ ಸ್ಟೆಪ್ನಿ ಟೈರಿನ ಗಾಳಿಯ ಒತ್ತಡವೇ ನೀರನ್ನು ತಳ್ಳುತ್ತಿತ್ತು. ತಂಪುಗೊಳಿಸಲು ನೀರಿಲ್ಲದ ಎಂಜಿನಾದ್ದರಿಂದ ಚಳಿಗಾಲದಲ್ಲಿ ಅದು ಹೆಪ್ಪುಗಟ್ಟುವ ಭಯವಿರಲಿಲ್ಲ. ಆದರೆ ಅದೇ ಕಾರಣಕ್ಕೆ ಒಳಗೆ ಕುಳಿತವರಿಗೆ ಬಿಸಿಗಾಳಿ ಸಾಕಷ್ಟು ಸಿಗದೆ ಕಂಬಳಿ ಹೊದ್ದು ಓಡಿಸಿದವರೂ ಇದ್ದರು. ಒಳಗೆ ಗಾಳಿಯೂ ನುಸುಳದಷ್ಟು ಬಿಗಿಯಾದ ಕಟ್ಟಡ. ಕಿಟಕಿಯನ್ನು ಬೆರಳಷ್ಟು ಇಳಿಸದಿದ್ದರೆ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಈ ಕುಂದುಗಳನ್ನೆಲ್ಲ ಮಾಲೀಕರು ದೂರಿನ ದನಿಯಲ್ಲಿ ಹೇಳುವುದಿಲ್ಲ, ಮನೆಯ ಹಿರಿಯರೊಬ್ಬರ ಅಭ್ಯಾಸಗಳನ್ನು ಹೇಳಿದಂತೆ ಹೇಳುತ್ತಾರೆ. ಕಲ್ಯಾಣ ಮಂಟಪದ ಹುಡುಗನಿಗೆ ನಾನು ರಿವರ್ಸ್ ಗೇರು ತೋರಿಸಿಕೊಟ್ಟಾಗ ನನ್ನ ದನಿಯಲ್ಲೂ ಅಂಥದೊಂದು ಒಡೆತನದ ಹೆಮ್ಮೆಯಿದ್ದಿರಬೇಕು ಎಂದು ಈಗ ಅನುಮಾನ.

ಅಮೆರಿಕದಲ್ಲಿ ಈ ಒಲವನ್ನು ಬೆಳೆಸಿದ್ದು ಕಾರಿನ ಜೊತೆಗೆ ಜಾಹೀರಾತು ಕೂಡ. 1959ರಿಂದ ನ್ಯೂಯಾರ್ಕಿನ ಡಿಡಿಬಿ ಸಂಸ್ಥೆ ಮಾಡಿದ ಜಾಹೀರಾತುಗಳಲ್ಲಿ ಪುಟದ ತುಂಬ ಖಾಲಿ ಜಾಗ, ಮೂಲೆಯಲ್ಲಿ ಪುಟ್ಟ ಕಾರು. ಚಿಕ್ಕದಾಗಿ ಯೋಚಿಸಿ ಎಂಬ ಸಲಹೆ. ನನಗೆ ಹೆಚ್ಚು ಹಿಡಿಸಿದ್ದು 'ಲೆಮನ್' ಎಂಬ ಒಂದೇ ಪದದ ತಲೆಬರಹದ ಜಾಹೀರಾತು. ಅಮೆರಿಕನ್ನರ ಮಾತಿನಲ್ಲಿ ಲೆಮನ್ ಎಂದರೆ ಕೊಂಡವನಿಗೆ ಕೈಕೊಡುವ ದರಿದ್ರ ಗಾಡಿ. ಚಿತ್ರದಲ್ಲಿದ್ದ ಕಾರಿನ ಕೈಪೆಟ್ಟಿಗೆಯ ಮೇಲಿನ ಕ್ರೋಮ್ ಪಟ್ಟಿಗೆ ಕಲೆ ತಗುಲಿದ್ದರಿಂದ ಅದು ಹಡಗು ಹತ್ತಲಿಲ್ಲವೆಂದೂ, ವುಲ್ಫ್ಸ್‌ಬರ್ಗಿನಲ್ಲಿ ಕಾರುಗಳನ್ನು ಪರೀಕ್ಷಿಸುವುದೊಂದೇ ಕೆಲಸವಾಗಿರುವ 3,389 ಜನರಿದ್ದಾರೆಂದೂ ಕೆಳಗಿನ ಬರಹ ವಿವರಿಸುತ್ತದೆ. ಕೊಳ್ಳುವವನು ನೋಡಲಾಗದ್ದನ್ನು ನಾವು ನೋಡಿದ್ದೇವೆ ಎಂಬ ಭರವಸೆ ಅದು. ಚೀಟಿ ಅಂಟಿಸಿ ಕೈಸುಟ್ಟುಕೊಂಡವರ ದಾವೆ ಇತ್ಯರ್ಥವಾಗದೆ ಇದ್ದ ದಿನಗಳಲ್ಲೇ, ಅದೇ ಹೆಸರಿನ ಮೇಲೆ ಸಾಗರದಾಚೆ ಇಷ್ಟು ದೊಡ್ಡ ವಿಶ್ವಾಸ ಬೆಳೆಯುತ್ತಿತ್ತು.

1972ರ ಫೆಬ್ರವರಿ 17ರಂದು 1,50,07,034ನೆಯ ಬೀಟಲ್ ಹೊರಬಂದು ಫೋರ್ಡ್ ಮಾಡೆಲ್ ಟಿ ಕಾರಿನ ದಾಖಲೆಯನ್ನು ದಾಟಿತು. ಅಷ್ಟರಲ್ಲಾಗಲೇ ಕಂಪನಿ ಒಳಗೊಳಗೇ ಸೊರಗುತ್ತಿತ್ತು. ಒಂದೇ ಕಾರನ್ನು ನೆಚ್ಚಿಕೊಂಡದ್ದರ ಫಲವಾಗಿ 1974ರಲ್ಲಿ 80 ಕೋಟಿ ಮಾರ್ಕಿಗೂ ಮಿಕ್ಕಿ ನಷ್ಟವಾಯಿತು. ಕಾಪಾಡಿದ್ದು ಅದೇ ವರ್ಷ ಬಂದ ಗಾಲ್ಫ್: ಎಂಜಿನ್ ಮುಂದೆ, ತಂಪಿಗೆ ನೀರು, ಚೂಪು ಅಂಚಿನ ಇಟಾಲಿಯನ್ ವಿನ್ಯಾಸ, ಬೀಟಲಿನ ಪ್ರತಿಯೊಂದು ನಂಬಿಕೆಗೂ ಉಲ್ಟಾ. ಮರುವರ್ಷ ಅದರ ತಮ್ಮನಂತೆ ಪೋಲೊ ಬಂತು. ಬೀಟಲ್ ಮಾತ್ರ ಮೆಕ್ಸಿಕೊದ ಪುಯೆಬ್ಲಾದಲ್ಲಿ ಇನ್ನೂ ಬಹಳ ಕಾಲ ಹುಟ್ಟುತ್ತಲೇ ಇದ್ದು, 2003ರ ಜುಲೈ 30ರಂದು 2,15,29,464ನೆಯ ಕಾರಿನೊಂದಿಗೆ ಮುಗಿಯಿತು.

ಭಾರತದ ಮಧ್ಯಮ ವರ್ಗಕ್ಕೆ ಈ ಕಂಪನಿಯ ಪರಿಚಯ ತಡವಾಗಿ ಆಯಿತು. ಬೆಂಗಳೂರಿನವರಿಗೆ ಜರ್ಮನ್ ತಂತ್ರಜ್ಞಾನವೆಂದರೆ ಬಹುಕಾಲ ಆಡುಗೋಡಿಯ ಮೈಕೋ. 1951ರಲ್ಲಿ ಆರಂಭವಾದ ಆ ಕಂಪನಿಯ ಸ್ಪಾರ್ಕ್ ಪ್ಲಗ್ಗುಗಳು, ಡೀಸೆಲ್ ಪಂಪುಗಳು ನಾಡಿನ ಲಾರಿ, ಟ್ರ್ಯಾಕ್ಟರುಗಳೊಳಗೆ ಇರುತ್ತಿದ್ದವು. ಕಾರು ಮಾತ್ರ ಜರ್ಮನಿಯದಾಗಿರಲಿಲ್ಲ. ಫೋಕ್ಸ್‌ವ್ಯಾಗನ್ ಪುಣೆಯ ಬಳಿ ಚಾಕಣದಲ್ಲಿ ಕಾರ್ಖಾನೆ ತೆರೆದದ್ದು 2009ರ ಮಾರ್ಚಿನಲ್ಲಿ. ಪೋಲೊ ಮಾರಾಟಕ್ಕೆ ಬಂದದ್ದು 2010ರಲ್ಲಿ. ಆ ಸೆಪ್ಟೆಂಬರಿನಲ್ಲಿ ವೆಂಟೊ ಕಾರಿನ ಜಾಹೀರಾತು ಇಂಗ್ಲಿಷ್ ಪತ್ರಿಕೆಯ ಹಾಳೆಗೆ ಅಂಟಿಸಿದ ಪುಟ್ಟ ಕಪ್ಪು ಡಬ್ಬಿಯಿಂದ ಮಾತನಾಡಿತು. ಹಾಳೆ ಬಿಡಿಸಿದ ಕೂಡಲೇ ದನಿ ಬರುತ್ತಿತ್ತು. ಬಾಂಬೇನೋ ಎಂದು ಹೆದರಿದವರೂ ಇದ್ದರು. ನಮ್ಮ ಮನೆಯಲ್ಲಿ ಅತ್ತೆಯವರು ಪತ್ರಿಕೆಯನ್ನು ಮಡಚಿ, ಮೇಲೊಂದು ದಿಂಬು ಇಟ್ಟಿದ್ದರು. ಮುಂದೆ ಚಾಕಣದ ವೆಂಟೊಗಳು ಮೆಕ್ಸಿಕೊಗೆ ರಫ್ತಾದವು. ವೋಚೊ ಓಡಿದ ಬೀದಿಗಳಲ್ಲಿ ಮರಾಠಿ ಸೀಮೆಯ ಕಾರು ಓಡಿತು ಎಂಬುದನ್ನು ನೆನೆದರೆ ಏಕೋ ಖುಷಿಯಾಗುತ್ತದೆ.

ನಾನು ಕಾರು ಕೊಳ್ಳಲು ಓಡಾಡುತ್ತಿದ್ದ 2014ರ ಜನವರಿ ಕೊನೆಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ಫಲಿತಾಂಶ ಪ್ರಕಟಿಸಿತು. ಏರ್‌ಬ್ಯಾಗ್ ಇಲ್ಲದ ಆ ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ ನಕ್ಷತ್ರ; ಅದರಲ್ಲಿ ಪೋಲೊ ಕೂಡ ಒಂದು. ವಿಚಿತ್ರವೆಂದರೆ ಪೋಲೊದ ಮೈಕಟ್ಟು ಪೆಟ್ಟು ತಡೆದು ನಿಂತಿತ್ತು. ಎರಡು ಏರ್‌ಬ್ಯಾಗ್ ಇದ್ದ ಪೋಲೊವನ್ನು ಅದೇ ರೀತಿ ಗುದ್ದಿಸಿದಾಗ ನಾಲ್ಕು ನಕ್ಷತ್ರ ಬಂದವು, ಮತ್ತು ಕಂಪನಿ ಏರ್‌ಬ್ಯಾಗ್ ಇಲ್ಲದ ಮಾದರಿಯನ್ನು ಮಾರುಕಟ್ಟೆಯಿಂದ ತೆಗೆಯಿತು. ಇದನ್ನು ಹೇಗೆ ಓದಬೇಕು? ಗಟ್ಟಿ ಬೆಸುಗೆಯನ್ನು ಮಾಡಿದವರು ಇವರೇ. ಅದರೊಳಗೆ ಏರ್‌ಬ್ಯಾಗ್ ಇಲ್ಲದ ಕಾರನ್ನು ಅಗ್ಗದ ಮಾದರಿಯೆಂದು ಮಾರಿದವರೂ ಇವರೇ. ಪರೀಕ್ಷೆ ಬಯಲಾದ ಮೇಲೆ ಬೇಗನೆ ತಿದ್ದಿಕೊಂಡವರೂ ಇವರೇ. ಎರಡು ತಿಂಗಳ ನಂತರ ಏರ್‌ಬ್ಯಾಗಿನ ಕಾರನ್ನು ಕೊಳ್ಳುವಾಗ ನಾನು ಈ ಮೂರನೆಯದಕ್ಕೆ ಮಾತ್ರ ಮಹತ್ವ ಕೊಟ್ಟೆ. ಕೊಳ್ಳಲು ಮನಸ್ಸು ಮಾಡಿದವನು ತನಗೆ ಬೇಕಾದ ಸಾಕ್ಷಿಯನ್ನಷ್ಟೇ ಕರೆಸುತ್ತಾನೆ.

ಮರುವರ್ಷದ್ದು ಹಾಗೆ ಸುಲಭವಾಗಿ ನುಂಗುವ ತುತ್ತಾಗಿರಲಿಲ್ಲ. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹೊಗೆ ಅಳೆಯುವ ಯಂತ್ರಗಳನ್ನು ಡಿಕ್ಕಿಯಲ್ಲೇ ಹೊತ್ತು ಡೀಸೆಲ್ ಕಾರುಗಳನ್ನು ನಿಜವಾದ ರಸ್ತೆಯ ಮೇಲೆ ಓಡಿಸಿದ್ದರು. ಪ್ರಯೋಗಾಲಯದಲ್ಲಿ ಶುದ್ಧವಾಗಿದ್ದ ಕಾರುಗಳು ರಸ್ತೆಯಲ್ಲಿ ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚು ನೈಟ್ರೋಜನ್ ಆಕ್ಸೈಡ್ ಉಗುಳುತ್ತಿದ್ದವು. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂಸ್ಥೆ ಕಾರಣವನ್ನು ಹೊರಗೆಡವಿತು. ಸ್ಟಿಯರಿಂಗಿನ ಸ್ಥಿತಿ, ವೇಗ, ಎಂಜಿನ್ ಓಡುತ್ತಿರುವ ಅವಧಿ, ಗಾಳಿಯ ಒತ್ತಡ, ಇವನ್ನೆಲ್ಲ ನೋಡಿ ತನ್ನನ್ನು ಈಗ ಪರೀಕ್ಷಿಸುತ್ತಿದ್ದಾರೆಂದು ಕಾರಿನೊಳಗಿನ ತಂತ್ರಾಂಶವೇ ಊಹಿಸುತ್ತಿತ್ತು. ಆಗ ಮಾತ್ರ ಹೊಗೆಯನ್ನು ಪೂರ್ತಿ ಶುದ್ಧ ಮಾಡುತ್ತಿತ್ತು. ಇನ್‌ಸ್ಪೆಕ್ಟರ್ ಬಂದ ದಿನ ಮಾತ್ರ ಒಪ್ಪವಾಗಿರುವ ಶಾಲೆಯ ಹಾಗೆ. ಜಗತ್ತಿನಾದ್ಯಂತ ಅಂಥ ತಂತ್ರಾಂಶವಿದ್ದ ಕಾರುಗಳು ಸುಮಾರು 1.1 ಕೋಟಿ ಎಂದು ಕಂಪನಿಯೇ ಒಪ್ಪಿತು. ಐದು ದಿನಗಳಲ್ಲಿ ಮುಖ್ಯಸ್ಥ ಮಾರ್ಟಿನ್ ವಿಂಟರ್‌ಕಾರ್ನ್ ರಾಜೀನಾಮೆ ಕೊಟ್ಟರು. ದಂಡ, ಪರಿಹಾರಗಳ ಒಟ್ಟು ಮೊತ್ತ ಮುಂದೆ 3,000 ಕೋಟಿ ಯೂರೊ ದಾಟಿತು. ಭಾರತದಲ್ಲಿ ಸುಮಾರು 3.23 ಲಕ್ಷ ಡೀಸೆಲ್ ಕಾರುಗಳನ್ನು ತಿದ್ದುಪಡಿಗೆ ಕರೆಸುವುದಾಗಿ ಕಂಪನಿ ಪ್ರಕಟಿಸಿತು. ಇಲ್ಲಿನ ಮಿತಿಗಳನ್ನು ತಾನು ಮೀರಿಲ್ಲವೆಂದೂ ವಾದಿಸಿತು. 2019ರ ಮಾರ್ಚಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ವಿಧಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು.

ನನ್ನದು ಪೆಟ್ರೋಲ್ ಕಾರಾದ್ದರಿಂದ ಇದು ನನ್ನ ಮನೆಬಾಗಿಲಿಗೆ ಬರಲಿಲ್ಲ. ಆದರೂ ಆ ವಾರವಿಡೀ ಆಫೀಸಿನಲ್ಲಿ ಗೆಳೆಯರ ಕುಹಕಕ್ಕೆ ನಾನೇ ಉತ್ತರ ಕೊಡಬೇಕಾಯಿತು. ಆಶ್ಚರ್ಯವೆಂದರೆ ನಾನು ಕಾರಿನ ಪರ ವಹಿಸಿ ಮಾತಾಡಿದೆ. ಡೀಸೆಲ್ ಮಾದರಿ ಕೊಂಡವರಲ್ಲೂ ಅನೇಕರು ಎಂಜಿನಿನ ಎಳೆತವನ್ನು, ಹೆದ್ದಾರಿಯಲ್ಲಿ ಅದು ಕೊಡುತ್ತಿದ್ದ ಮೈಲೇಜನ್ನು ಹೊಗಳುವುದನ್ನು ಬಿಡಲಿಲ್ಲ. ಮೋಸವಾದದ್ದು ಮಾಲೀಕನ ಕೈಗೆ, ಕಿವಿಗೆ ತಗಲುವ ಜಾಗದಲ್ಲಲ್ಲ. ಬೀದಿಯಲ್ಲಿ ನಡೆಯುವವನ ಶ್ವಾಸಕೋಶದಲ್ಲಿ. ಬಾಗಿಲಿನ ಸದ್ದು ಮೊದಲಿನಷ್ಟೇ ಒತ್ತಾಗಿತ್ತು. ಇಷ್ಟಾದರೂ ಆ ಲೆಮನ್ ಜಾಹೀರಾತನ್ನು ಈಗ ನೋಡಿದಾಗ 3,389 ಪರೀಕ್ಷಕರ ಸಂಖ್ಯೆ ಮೊದಲಿನಂತೆ ಓದಿಸಿಕೊಳ್ಳುವುದಿಲ್ಲ. ಕ್ರೋಮ್ ಪಟ್ಟಿಯ ಕಲೆಯನ್ನು ಹುಡುಕುವುದಕ್ಕೆ ಅಷ್ಟು ಕಣ್ಣುಗಳಿದ್ದ ಮನೆಯಲ್ಲಿ ತಂತ್ರಾಂಶದ ಆ ಸಾಲುಗಳನ್ನು ಬರೆದದ್ದು ಕಂಡವರು ಎಷ್ಟು ಜನ ಸುಮ್ಮನಿದ್ದರೋ ಎನಿಸುತ್ತದೆ.

2018ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗಿನಲ್ಲಿದ್ದ ಅಕ್ಕನ ಮಗನ ಮನೆಗೆ ಹೋದಾಗ ಒಂದು ದಿನ ಅವನನ್ನು ಕಾಡಿ ವುಲ್ಫ್ಸ್‌ಬರ್ಗಿಗೆ ಹೊರಡಿಸಿದೆ. ರೈಲು ನಿಲ್ದಾಣದಿಂದ ಹೊರಬಂದರೆ ಎದುರಿಗೇ ಕಾಲುವೆ, ಅದರಾಚೆ ಇಟ್ಟಿಗೆಯ ವಿದ್ಯುತ್ ಸ್ಥಾವರದ ನಾಲ್ಕು ಚಿಮಣಿಗಳು. ಪಕ್ಕದಲ್ಲಿ 48 ಮೀಟರ್ ಎತ್ತರದ ಎರಡು ಗಾಜಿನ ಗೋಪುರಗಳು; ಒಂದೊಂದರಲ್ಲೂ ಸುಮಾರು 400 ಹೊಸ ಕಾರುಗಳು ಗೂಡಿನ ಪಾರಿವಾಳಗಳಂತೆ ಕಾಯುತ್ತಿರುತ್ತವೆ. ಕೊಂಡವರು ಸಂಸಾರ ಸಮೇತ ಊರಿಗೇ ಬಂದು ತಮ್ಮ ಕಾರನ್ನು ಕೈಯಾರೆ ಪಡೆಯುವ ಪದ್ಧತಿ ಅಲ್ಲಿದೆ. ಈ ಕಂಪನಿ ತನ್ನ ಅಡುಗೆಮನೆಗಾಗಿ 1973ರಿಂದ ಕರಿವುರ್ಸ್ಟ್ ಎಂಬ ಸಾಸೇಜನ್ನೂ ತಯಾರಿಸುತ್ತದೆ, ಅದಕ್ಕೆ ಬಿಡಿಭಾಗಗಳಂತೆಯೇ 199 398 500 ಎ ಎಂಬ ನಂಬರಿದೆ, ಎಷ್ಟೋ ವರ್ಷ ಈ ಲಾಂಛನ ಹೊತ್ತ ಕಾರಿಗಿಂತ ಸಾಸೇಜುಗಳೇ ಹೆಚ್ಚು ಮಾರಾಟವಾಗಿವೆ ಎಂದು ಅಕ್ಕನ ಮಗ ರುಚಿ ನೋಡುತ್ತಲೇ ವಿವರಿಸಿದ. ಸಸ್ಯಾಹಾರಿಯಾದ ನಾನು ಆಲೂಗಡ್ಡೆ ತಿಂದು ಕೇಳಿಸಿಕೊಂಡೆ.

ಅಲ್ಲಿ ಕಂಡ ಒಂದು ದೃಶ್ಯ ನೆನಪಿನಲ್ಲಿದೆ. ಎಪ್ಪತ್ತು ದಾಟಿರಬಹುದಾದ ದಂಪತಿಗಳು ಬೂದು ಬಣ್ಣದ ಗಾಲ್ಫ್ ಒಂದನ್ನು ಪಡೆಯುತ್ತಿದ್ದರು. ಸಿಬ್ಬಂದಿಯ ಹುಡುಗಿ ಪರದೆಯ ಮೇಲೆ ಏನೇನೋ ತೋರಿಸಿ ವಿವರಿಸುತ್ತಿದ್ದರೆ ಗಂಡ ಗಮನವಿಟ್ಟು ಕೇಳುತ್ತಿದ್ದ. ಹೆಂಡತಿ ಸುತ್ತ ಒಂದು ಸಲ ಬಂದು, ಬಾಗಿಲನ್ನು ತೆರೆದು, ಮುಚ್ಚಿದಳು. ಮತ್ತೊಮ್ಮೆ ತೆರೆದು ಮುಚ್ಚಿದಳು. ಆಮೇಲೆ ಕೈಚೀಲವನ್ನು ಹಿಂದಿನ ಸೀಟಿನ ಮೇಲೆ ಇಟ್ಟಳು. ಪರೀಕ್ಷೆ ಮುಗಿಯಿತು ಎನ್ನುವಂತಿತ್ತು.

ಆ ಊರಿನ ಸುದ್ದಿಯನ್ನು ಈಗಲೂ ನಾನು ನೆಂಟರ ಊರಿನ ಸುದ್ದಿಯಂತೆ ಓದುತ್ತೇನೆ. ಚೀನಾದ ಮಾರುಕಟ್ಟೆಯಲ್ಲಿ ಅಲ್ಲಿನವೇ ವಿದ್ಯುತ್ ಕಾರುಗಳು ಮುಂದೆ ಹೋಗಿ ಇವರ ಪಾಲು ಕುಗ್ಗಿತು. 2024ರಲ್ಲಿ ಜರ್ಮನಿಯ ಕಾರ್ಖಾನೆಗಳನ್ನೇ ಮುಚ್ಚುವ ಮಾತು ಬಂದು ಮುಷ್ಕರಗಳಾದವು. ಡಿಸೆಂಬರಿನಲ್ಲಿ ಕಾರ್ಮಿಕ ಸಂಘದೊಂದಿಗೆ ಒಪ್ಪಂದವಾಗಿ, 2030ರೊಳಗೆ 35,000ಕ್ಕೂ ಹೆಚ್ಚು ಕೆಲಸಗಳನ್ನು ಕಡಿಮೆ ಮಾಡುವುದೆಂದು ತೀರ್ಮಾನವಾಯಿತು. ಇಲ್ಲಿ ಪೋಲೊ 2022ರಲ್ಲೇ ನಿಂತುಹೋಯಿತು. ಹನ್ನೆರಡು ವರ್ಷ ಹೆಚ್ಚುಕಡಿಮೆ ಒಂದೇ ರೂಪದಲ್ಲಿ ಮಾರಾಟವಾಗಿ, ಕೊನೆಯ ತಿಂಗಳುಗಳಲ್ಲೂ ಹುಡುಕಿಕೊಂಡು ಬರುವವರಿದ್ದರು. ಹಳೆಯದನ್ನೇ ತಿದ್ದುತ್ತ ಹೋಗುವ ನಾರ್ಡ್‌ಹೋಫ್ ಚಾಳಿ ಅದಕ್ಕೂ ಅಂಟಿತ್ತೋ ಏನೋ.

ನನ್ನ ಕಾರಿನ ನೋಂದಣಿಗೆ 15 ವರ್ಷ ತುಂಬುವುದು 2029ರಲ್ಲಿ. ಅಲ್ಲಿಯವರೆಗೆ ಇಟ್ಟುಕೊಳ್ಳುವುದೋ ಕೊಡುವುದೋ ಎಂಬ ಚರ್ಚೆ ಪ್ರತಿ ಸಲ ವಿಮೆ ನವೀಕರಿಸುವಾಗ ನಮ್ಮ ಮನೆಯಲ್ಲಿ ಏಳುತ್ತದೆ. ಭಾವನವರು ಪುನಃ ಕಾಗದ ತೆಗೆಯುತ್ತಾರೆ. ಈ ವರ್ಷ ಚರ್ಚೆ ಮುಗಿಯುವ ಮೊದಲೇ, ಕಲಿಕಾ ಪರವಾನಗಿ ಬಂದಿರುವ ಮಗಳು ಬೀಗದ ಕೈ ತೆಗೆದುಕೊಂಡು ಹೊರಗೆ ಹೋದಳು. ಗೇಟಿನ ಬಳಿ ವೈಪರ್ ಎರಡು ಸಲ ಆಡಿತು. ರಿವರ್ಸ್ ಮಾತ್ರ ಒಂದೇ ಏಟಿಗೆ ಬಿತ್ತು.